ಮೇಡಂ ಬಿಚ್ಚಿದ ಎರಡೆಳೆ ಹಗ್ಗ

ನಾಲ್ಕು ಮಾರು ಕತ್ತಾಳೆ ಹಗ್ಗಕ್ಕೆ ಇನ್ನೂರೈವತ್ತು ರೂಪಾಯಿ ಕೊಟ್ಟೆ ಅಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ. ನೈಲಾನ್ ಹಗ್ಗ ಅದರ ಅರ್ಧಕ್ಕೆ ಸಿಗುತ್ತದೆ, ಮಳೆಗೆ ಕೊಳೆಯುವುದೂ ಇಲ್ಲ. ಅದನ್ನೇ ಮಾರಿ ಸರಗೂರಿನಲ್ಲಿ ಅಂಗಡಿ ಮಾಡಿಕೊಂಡವನು ನಾನು. ಆದರೆ ಮೊನ್ನೆ ಅಂತರಸಂತೆಯ ಸಂತೆಯಲ್ಲಿ ಒಬ್ಬ ಮುದುಕ ಕೈಯಲ್ಲೇ ಹೊಸೆದ ಹಗ್ಗಗಳನ್ನು ಹರಡಿಕೊಂಡು ಕೂತಿದ್ದ. ಬಗ್ಗಿ ಮೂಸಿ ನೋಡಿದೆ. ನೀರಿನಲ್ಲಿ ಕೊಳೆಸಿ, ಬಡಿದು, ಬಿಸಿಲಿಗೆ ಹಾಕಿದ ನಾರಿನ ಅದೇ ಹುಳಿ ವಾಸನೆ... ಆತ ಹೇಳಿದ ಬೆಲೆಯನ್ನು ಹಾಗೇ ಕೊಟ್ಟುಬಿಟ್ಟೆ. ಚೌಕಾಸಿಗೆ ಬಾಯಿ ಬರಲಿಲ್ಲ. ಆ ವಾಸನೆಯ ಹಿಂದೆ ನಮ್ಮ ಬಯಾಲಜಿ ಮೇಡಂ ನಿಂತಿದ್ದರು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ನಮ್ಮ ತಾಲೂಕು ಕೇಂದ್ರ ಕೋಟೆಯಲ್ಲಿ ಪಿಯುಸಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ, ಸಂತೆಯಿಲ್ಲದ ದಿನ ಕಾಲೇಜಿಗೆ ಹೋಗುತ್ತಿದ್ದೆ. ಅಪ್ಪ ಮನೆಯ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ, ನಾನು ಮಾರುತ್ತಿದ್ದೆ. ಮೇಡಂ ಕೆ.ಆರ್. ನಗರದ ಕಡೆಯವರು. ಗಂಡ ಅಲ್ಲೇ ಅಂಗಡಿ ನೋಡಿಕೊಳ್ಳುತ್ತಿದ್ದರು. ಇವರು ಮಗಳು ಪುಟ್ಟಿಯನ್ನು ಕರೆದುಕೊಂಡು ಕೋಟೆಯ ಬಸ್‌ಸ್ಟಾಂಡಿನ ಹಿಂದೆ ಒಂದು ರೂಮು ಮಾಡಿದ್ದರು. ನೋಡಿಕೊಳ್ಳುವವರಿಲ್ಲದೆ ಪುಟ್ಟಿ ನಮ್ಮ ಕ್ಲಾಸಿನ ಕೊನೇ ಬೆಂಚಿನಲ್ಲಿ ಚಿತ್ರ ಬರೆಯುತ್ತಾ ಕೂತಿರುತ್ತಿತ್ತು. ಬಿಳಿಚಿಕೊಂಡ ಮಗು. ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ರಕ್ತ ಹಾಕಿಸದಿದ್ದರೆ ಉಳಿಯುವಂತಿರಲಿಲ್ಲ. ಇದು ಇಡೀ ಕಾಲೇಜಿಗೆ ಗೊತ್ತಿತ್ತು. ಯಾಕೆ ಹೀಗೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಒಂದು ದಿನ ಮೇಡಂ ನನ್ನನ್ನು ಸಂತೆಯಲ್ಲೇ ಹಿಡಿದರು.

“ಏನಪ್ಪಾ ಸಾಹುಕಾರ, ನನ್ನ ಪಾಠಕ್ಕಿಂತ ಹಗ್ಗದ ವ್ಯಾಪಾರನೇ ಜೋರಾ? ಎಷ್ಟೋ ಇದು?”

ನಾಚಿಕೆಯಿಲ್ಲದೆ ಒಂದಕ್ಕೆರಡು ಹೇಳಿದೆ. ಅವರು ಅದರಲ್ಲಿ ಕಾಲುಭಾಗಕ್ಕೆ ಕೇಳಿದರು.

“ಗಿಟ್ಟಲ್ಲ ಬುಡಿ ಮೇಡಂ.”

“ಗಿಟ್ಟದಿದ್ರೆ ಬಾಡಿಗೆಗೆ ಕೊಡು. ನಾಳೆ ನೀನೇ ಹೊತ್ಕೊಂಡು ಬಾ. ಕೆಂಪು ಬಣ್ಣ ಹಾಕಿದ ಒಂದು ಹಿಡಿ ನಾರೂ ತಾ. ಬಾಡಿಗೆಗೆ ಹಾಜರಿ ಹಾಕ್ತೀನಿ.”

ಲಾಭದ ಮಾತು ಅಂತ ಒಪ್ಪಿಕೊಂಡೆ. ಹಗ್ಗವನ್ನು ಬಿಚ್ಚುತ್ತಾರೆ ಅಂತ ಅವರು ಹೇಳಲೇ ಇಲ್ಲ! ಬಿಚ್ಚಿದ ಹಗ್ಗವನ್ನು ಯಾರು ಕೊಳ್ಳುತ್ತಾರೆ? ನನ್ನನ್ನು ಚೌಕಾಸಿಯಲ್ಲಿ ಸೋಲಿಸಿದ ಮೊದಲನೆಯವರು ಅವರೇ.

ಮರುದಿನ ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿಸಿದರು. “ಇದು ನಿಮ್ಮ ಒಂದೊಂದು ಜೀವಕೋಶದ ಒಳಗಿರೋ ಡಿಎನ್ಎ ಅಂದ್ಕೊಳ್ಳಿ. ಎರಡು ಎಳೆ, ಒಂದಕ್ಕೊಂದು ಸುತ್ತಿಕೊಂಡಿದೆ. ಕೋಶ ಎರಡಾಗಬೇಕಾದ್ರೆ ಮೊದಲು ಇದು ಎರಡಾಗಬೇಕು. ಹೇಗೆ?” ನಾನೂ ಇನ್ನೊಬ್ಬನೂ ಒಂದೊಂದು ಎಳೆ ಹಿಡಿದು ಎಳೆದೆವು. ಎಳೆಗಳು ಬೇರೆಯಾಗುತ್ತಾ ಹೋದಂತೆ ಮುಂದಿನ ಹಗ್ಗ ಮುರಿ ಹೆಚ್ಚಾಗಿ ಗಂಟುಗಂಟಾಯಿತು. ಹಗ್ಗ ಬಿಚ್ಚಿದವರಿಗೆಲ್ಲ ಗೊತ್ತಿರುವ ಪಾಡು. “ಕೋಶದ ಒಳಗೂ ಹೀಗೇ ಆಗುತ್ತೆ. ಆ ಮುರಿ ಬಿಡಿಸೋದಕ್ಕೇ ಅಲ್ಲೊಬ್ಬ ಕೆಲಸದವನಿದ್ದಾನೆ” ಅಂದರು. ಆಮೇಲೆ ಪ್ರತಿ ಬಿಳಿ ಎಳೆಗೂ ಹೊಸದಾಗಿ ಕೆಂಪು ಎಳೆ ಹೊಸೆಸಿದರು. ಎರಡು ಹಗ್ಗ ಆದವು. ಎರಡರಲ್ಲೂ ಅರ್ಧ ಹಳೆಯದು, ಅರ್ಧ ಹೊಸದು. ಡಿಎನ್ಎ ಬರೆದಿರುವುದು ನಾಲ್ಕೇ ಅಕ್ಷರದಲ್ಲಂತೆ, ಹಳೆಯ ಎಳೆಯಲ್ಲಿ ಎ ಇದ್ದ ಕಡೆ ಎದುರಿಗೆ ಟಿ, ಜಿ ಇದ್ದ ಕಡೆ ಸಿ. ಬೇರೆ ಅಕ್ಷರ ಕೂತರೆ ಅಲ್ಲಿಯೇ ಕಿತ್ತು ಸರಿಯಾದದ್ದನ್ನು ಕೂರಿಸುತ್ತದಂತೆ.

“ಒಂದೇ ತುದಿಯಿಂದ ಶುರು ಮಾಡಿದ್ರೆ ಮುಗಿಯೋದು ಯಾವಾಗ? ನಾಟಿ ಗದ್ದೆಗೆ ಒಬ್ಬಳನ್ನೇ ಇಳಿಸ್ತೀರಾ? ಸಾಲಾಗಿ ಇಳಿಸ್ತೀರ ತಾನೆ? ಇಲ್ಲೂ ಹಾಗೇ, ನೂರಾರು ಕಡೆ ಒಟ್ಟಿಗೇ ಬಿಚ್ಚಿಕೊಳ್ಳುತ್ತೆ. ಒಂದು ಎಳೆ ಮೇಲೆ ಹೊಸದು ನೇರವಾಗಿ ಬೆಳೆಯುತ್ತೆ. ಇನ್ನೊಂದರ ಮೇಲೆ ತುಂಡುತುಂಡಾಗಿ ಹಿಂದುಮುಂದಾಗಿ ಬೆಳೆದು, ಆಮೇಲೆ ಬೆಸೆದುಕೊಳ್ಳುತ್ತೆ.”

ನಾನು ವ್ಯಾಪಾರದವನಲ್ಲವೇ, ಮಾಲಿನ ದೋಷವೇ ಮೊದಲು ಕಾಣುವುದು. “ಮೇಡಂ, ಹಳೇ ಎಳೇಲೇ ತಪ್ಪಿದ್ರೆ?” ಅಂತ ಕೇಳಿದೆ.

ಅವರು ಕೊನೇ ಬೆಂಚಿನ ಕಡೆ ನೋಡಿದರು.

“ಆಗ ಆ ತಪ್ಪನ್ನೂ ಅಷ್ಟೇ ನಿಯತ್ತಿಂದ ನಕಲು ಮಾಡುತ್ತೆ ಕಣೋ. ಹಳೇದು ಸರಿ ಅಂತಲೇ ನಂಬಿ ಮಾಡೋ ಕೆಲಸ ಅದು.”

ಅದಾದ ಕೆಲವು ದಿನಕ್ಕೆ ನಾನು ಮತ್ತೆ ಕ್ಲಾಸಿಗೆ ಚಕ್ಕರ್ ಹೊಡೆದೆ. ಯಾಕೆ ಅಂತ ಮೇಡಂ ಕೇಳಿದರು. ಅಕ್ಕನ ಮದುವೆ ಮಾತುಕತೆ, ನಮ್ಮ ಸೋದರಮಾವನಿಗೇ ಕೊಡುವುದು ಅಂದೆ. ಆ ಭಾನುವಾರವೇ ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಬಸ್ಸಿಳಿದು ಮನೆಗೆ ಬಂದರು. ಜಗಲಿಯಲ್ಲಿ ಕೂತು ಅವ್ವನ ಮುಂದೆ ಆ ಎರಡು ಹಗ್ಗ ಇಟ್ಟರು. ಮಗುವಿಗೆ ಒಂದು ಹಗ್ಗ ತಾಯಿಯಿಂದ ಬರುತ್ತೆ, ಒಂದು ತಂದೆಯಿಂದ ಅಂದರು. ಒಂದರಲ್ಲಿ ರಕ್ತದ ಊನವಿದ್ದರೆ ಇನ್ನೊಂದು ಭಾರ ಎಳೆಯುತ್ತೆ. ಒಂದೇ ಮನೆಯವರಾದರೆ ಅದೇ ಊನ ಇಬ್ಬರಲ್ಲೂ ಇರಬಹುದು. ಎರಡೂ ಊನದ ಹಗ್ಗವೇ ಮಗುವಿಗೆ ಬಂದರೆ, ಪುಟ್ಟಿ ಹಾಗೆ...

ಅವ್ವನಿಗೆ ಸಿಟ್ಟು ಬಂತು. “ಅವ್ನು ನನ್ ತಮ್ಮ ಕಣ್ರವ್ವ. ಈ ಕೈಲಿ ಎತ್ತಾಡ್ಸಿದೀನಿ. ಬ್ಯಾರೆಯೋರ್ ಮನೆಗ್ ಯಾಕ್ ಕಳುಸ್ಲಿ ನನ್ ಮಗೀನ? ನಮ್ಮತ್ತೆ, ನಮ್ಮಜ್ಜಿ ಎಲ್ಲಾ ಅಂಗೇ ಆದೋರು. ನಾವೇನ್ ಸತ್ವಾ?”

“ನಮ್ಮಮ್ಮನೂ ಇದೇ ಮಾತು ಹೇಳಿದ್ರು ಕಣಮ್ಮ” ಅಂದರು ಮೇಡಂ. “ನಾನೂ ನಮ್ಮ ಸೋದರಮಾವನ್ನೇ ಮಾಡ್ಕೊಂಡೋಳು. ಒಳ್ಳೆಯವರೇ, ಒಂದು ದಿನ ಗದರಿಲ್ಲ. ಮದುವೆ ಬೇಡ ಅಂತ ಹೇಳೋಕೆ ನಾನು ಬಂದಿಲ್ಲ. ಇಬ್ಬರ ರಕ್ತನೂ ಒಂದ್ಸಲ ತೋರಿಸಿ, ಅಷ್ಟೇ. ಪುಟ್ಟಿ ಜೊತೇಲಿ ನಾನೇ ಕರ್ಕೊಂಡು ಹೋಗ್ತೀನಿ.”

ಅವ್ವ ಪುಟ್ಟಿಯನ್ನು ನೋಡಿದಳು. ಪುಟ್ಟಿ ಕೆಂಪು ನಾರನ್ನು ಬೆರಳಿಗೆ ಸುತ್ತಿಕೊಂಡು ಆಡುತ್ತಿತ್ತು. ಅವ್ವ ಎದ್ದು ಒಳಗೆ ಹೋಗಿ ಒಂದು ಲೋಟ ಹಾಲು ತಂದು ಮಗುವಿನ ಕೈಗೆ ಕೊಟ್ಟಳು. ಒಪ್ಪಿಗೆ ಅಂತ ನಮಗೆ ಗೊತ್ತಾದದ್ದು ಅದರಿಂದಲೇ.

ಮೈಸೂರಿನಲ್ಲಿ ಅಕ್ಕನದೂ ಮಾವನದೂ ರಕ್ತ ತೆಗೆದುಕೊಂಡರು. ಪಕ್ಕದ ಮಂಚದಲ್ಲಿ ಪುಟ್ಟಿಗೆ ಹನಿಹನಿಯಾಗಿ ರಕ್ತ ಹೋಗುತ್ತಿತ್ತು. ಅವ್ವ ಅದರ ಕಾಲನ್ನು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡು ಕೂತಿದ್ದಳು. ಫಲಿತಾಂಶವನ್ನು ಮೇಡಂ ಮುಂದಿನ ಸಲ ಹೋದಾಗ ತಂದರು. ಮಾವನಲ್ಲಿ ಊನವಿತ್ತು. ಅಕ್ಕನಲ್ಲಿ ಇರಲಿಲ್ಲ. ಹುಟ್ಟುವ ಮಕ್ಕಳಿಗೆ ಈ ಕಾಯಿಲೆಯ ಭಯವಿಲ್ಲ, ಮದುವೆ ಮಾಡಬಹುದು ಅಂದಿದ್ದರು ಡಾಕ್ಟರು.

“ನೋಡುದ್ರಾ, ನಾನ್ ಏಳ್ನಿಲ್ವಾ!” ಅಂದಳು ಅವ್ವ.

“ಹೇಳಿದ್ರಿ ಕಣಮ್ಮ. ನೀವೇ ಗೆದ್ರಿ.” ಮೇಡಂ ನಗುತ್ತಿದ್ದರು. ಅಷ್ಟು ಸಂತೋಷವಾಗಿ ಅವರು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮದುವೆಗೆ ಬಂದರು. ಪುಟ್ಟಿಗೆ ಹಸಿರು ಲಂಗ ಹಾಕಿದ್ದರು. ಎಲ್ಲರೂ ಸಾಲಾಗಿ ಧಾರೆ ಎರೆಯುವಾಗ ಮೇಡಂ ಸರದಿಯೂ ಬಂತು. ಅಕ್ಕ-ಮಾವನ ಕೈಗಳ ಮೇಲೆ ಹಾಲಿನ ಚೊಂಬು ಹಿಡಿದು ಹಾಗೇ ನಿಂತುಬಿಟ್ಟರು. ಇಂಥದೇ ಚಪ್ಪರ, ಇಂಥದೇ ಸೋದರಮಾವ, ಇಂಥದೇ ಹಾಲು... ಅವರ ಧಾರೆಗೆ ಮುಂಚೆ ಯಾರೂ ಅವರ ಮನೆಯ ಜಗಲಿಗೆ ಹಗ್ಗ ಹಿಡಿದು ಬಂದಿರಲಿಲ್ಲ. ಹಿಂದಿದ್ದವರು “ಎರೀರಿ ಮೇಡಂ” ಅಂದರು. ಎರೆದರು.

ಆ ಮಳೆಗಾಲದಲ್ಲಿ ಪುಟ್ಟಿಗೆ ಜ್ವರ ಬಂತು. ಮೈಸೂರಿನಿಂದ ಮೇಡಂ ಒಬ್ಬರೇ ವಾಪಸ್ ಬಂದರು.

ಅಷ್ಟರಲ್ಲಿ ನಾನು ಪಿಯುಸಿ ಮುಗಿಸಿ ಪೂರ್ತಿ ವ್ಯಾಪಾರಕ್ಕಿಳಿದಿದ್ದೆ. ಆ ಪಾಠದ ಹೊತ್ತಿಗೆ ಸರಿಯಾಗಿ ಹೊಸ ಹಗ್ಗ, ಕೆಂಪು ನಾರು ತೆಗೆದುಕೊಂಡು ಕಾಲೇಜಿಗೆ ಹೋದೆ. ಬಾಡಿಗೆ ಬೇಡ ಮೇಡಂ ಅಂದೆ. ಅವರು ಹಗ್ಗವನ್ನು ಕೈಗೆ ತೆಗೆದುಕೊಂಡರು, ತುದಿ ಸವರಿದರು, ತಿರುಗಿ ನನ್ನ ಕೈಗೇ ಕೊಟ್ಟರು.

“ಈ ಸಲ ಬೋರ್ಡ್ ಮೇಲೇ ಬರೀತೀನಿ ಕಣಪ್ಪ. ಬಿಚ್ಚೋಕೆ ಕೈ ಬರಲ್ಲ.”

ಕೊನೇ ಬೆಂಚಿನಲ್ಲಿ ಯಾರೋ ಹುಡುಗರು ಕೂತಿದ್ದರು. ನಾನು ಹಗ್ಗ ಹೊತ್ತುಕೊಂಡು ಬಸ್‌ಸ್ಟಾಂಡಿಗೆ ಬಂದೆ... ಮುಂದಿನ ವರ್ಷ ಅವರಿಗೆ ವರ್ಗವಾಯಿತು. ಈಗ ಅವರೂ ಇಲ್ಲವಂತೆ. ಅಂಗಡಿಗೆ ಬಂದ ಕೆ.ಆರ್. ನಗರದ ಗಿರಾಕಿಯೊಬ್ಬರು ಹಗ್ಗ ಅಳೆಸುತ್ತಾ ಅಳೆಸುತ್ತಾ ಹೇಳಿ ಹೋದರು.

ಅಂತರಸಂತೆಯಲ್ಲಿ ಕೊಂಡ ಹಗ್ಗ ಅಂಗಡಿಯಲ್ಲಿ ನೇತಾಡುತ್ತಿದೆ. ಅದು ಮಾರಾಟಕ್ಕಿಲ್ಲ. ಅಕ್ಕನ ಮಗಳಿಗೆ ಈಗ ಗಂಡು ನೋಡುತ್ತಿದ್ದೇವೆ. ಗಟ್ಟಿಮುಟ್ಟಾಗಿದ್ದಾಳೆ, ಆದರೆ ಮಾವನ ಊನ ಅವಳಲ್ಲೂ ಇದೆ, ಒಂದಕ್ಷರ ಬಿಡದೆ ನಕಲಾಗಿ. ಹುಡುಗನ ರಕ್ತ ತೋರಿಸಿ ಅಂದಿದ್ದಕ್ಕೆ ಎರಡು ಮನೆಯವರು ಮುನಿಸಿಕೊಂಡು ಎದ್ದು ಹೋದರು. ಹೋಗಲಿ.

ಓದುವ ನಿಮಗೂ ಅದನ್ನೇ ಹೇಳುತ್ತೇನೆ. ಹೊರಗಿನ ಸಂಬಂಧವಾಗಲಿ, ಮಾವನ ಸಂಬಂಧವಾಗಲಿ, ಜಾತಕ ತೆಗೆಯುವ ಮುಂಚೆ ಈ ಊನ ಇದೆಯೇ ಅಂತ ಇಬ್ಬರ ರಕ್ತ ತೋರಿಸಿ. ಬಳೆ, ಸೀರೆ, ಛತ್ರ, ಅಡುಗೆ, ಎಲ್ಲದಕ್ಕೂ ಚೌಕಾಸಿ ಮಾಡಿ, ಬೇಕಾದರೆ ನನ್ನನ್ನೇ ಕರೆಯಿರಿ, ಬಂದು ಮಾತಾಡುತ್ತೇನೆ. ಇದೊಂದಕ್ಕೆ ಬೇಡ. ಎದುರಿನವರು ಮುಖ ತಿರುಗಿಸಿದರೆ ತಿರುಗಿಸಲಿ, ಇನ್ನೊಂದು ಮನೆ ನೋಡಿ. ಇದನ್ನು ಧಾರೆಗೆ ಮುಂಚೆ ಮಾಡಿಸಿ, ಆಮೇಲೆ ಅಲ್ಲ.