ಜೀಪಿನ ಮುಂದಿನ ಸೀಟು

ಹೆರಿಗೆ ರಜೆಯನ್ನು ಮುಂಚೆಯೇ ತೆಗೆದುಕೊಂಡರೆ ಆ ದಿನಗಳು ಕೂಸಿನ ಪಾಲಿನಿಂದ ಕಳೆದುಹೋಗುತ್ತಿದ್ದವು. ಹಾಗಾಗಿ ನಮ್ಮಲ್ಲಿ ಯಾವ ನರ್ಸೂ ನೋವು ಕಾಣಿಸಿಕೊಳ್ಳುವ ತನಕ ರಜೆ ಹಾಕುತ್ತಿರಲಿಲ್ಲ. ನಾನೂ ಹಾಕಲಿಲ್ಲ. ಎಪ್ಪತ್ತಾರನೆಯ ಇಸವಿ, ತುರ್ತು ಪರಿಸ್ಥಿತಿಯ ಕಾಲ. ಜಗಳೂರಿನ ಆರೋಗ್ಯ ಕೇಂದ್ರದಲ್ಲಿದ್ದೆ. ತರಬೇತಿಯಲ್ಲಿ ಕಲಿಸಿದಂತೆ ನಸುಕಿಗೇ ಎದ್ದು, ಗಂಜಿ ಹಾಕಿದ ಬಿಳಿ ಸೀರೆಯನ್ನು ತುಂಬಿದ ಹೊಟ್ಟೆಯ ಮೇಲೆ ಹೇಗೋ ನೆರಿಗೆ ಹಿಡಿದು ಉಟ್ಟು, ಎಲ್ಲರಿಗಿಂತ ಮೊದಲು ಕೆಲಸಕ್ಕೆ ಹೋಗುತ್ತಿದ್ದೆ.

ಹೊನ್ನಾಳಿಯಿಂದ ಅವ್ವ ಬಂದು ಜಗಳವಾಡಿ ಹೋದಳು. "ಒಂದನ್ನ ಮಣ್ಣಿಗೆ ಇಟ್ಟು ಬಂದಿದೀಯ. ಇದನ್ನೂ ಸರ್ಕಾರಕ್ಕೇ ಕೊಡ್ತೀಯೇನು?" ಎಂದಳು. ಮೊದಲನೆಯ ಕೂಸು ನಾನು ಚನ್ನಗಿರಿಯಲ್ಲಿದ್ದಾಗ ಹೊಟ್ಟೆಯಲ್ಲೇ ಸತ್ತಿತ್ತು. ಕೆಲಸ ಮುಗಿಸಿ ಬರುವಾಗ ಬಸ್ಸಿನ ಮೆಟ್ಟಿಲಿಂದ ಬಿದ್ದಿದ್ದೆ. ಈ ಕೂಸು ಜೀವಂತ ಹೊರಗೆ ಬರಬೇಕು, ಬೇರೆ ಏನೂ ಬೇಡ ಎಂದು ನನಗೂ ಇತ್ತು.

ಆ ದಿನಗಳಲ್ಲಿ ನಮ್ಮ ಕೆಲಸವೆಲ್ಲ ಗಂಡಸರನ್ನು ಸಂತಾನಹರಣ ಆಪರೇಷನ್ನಿಗೆ ಕರೆತರುವುದು. ಅದಕ್ಕೆ 'ಕೇಸು' ಎನ್ನುತ್ತಿದ್ದೆವು. ಕೇಸು ತರದಿದ್ದರೆ ಸಂಬಳ ತಡೆಯುತ್ತಿದ್ದರು. ಜೀಪಿನ ಸದ್ದು ಕೇಳಿದರೆ ಸಾಕು, ಹಳ್ಳಿಯ ಗಂಡಸರು ಜೋಳದ ಹೊಲಕ್ಕೆ ಓಡುತ್ತಿದ್ದರು. ಒಂದು ಊರಿನಲ್ಲಿ ಕಲ್ಲು ಬಿದ್ದು ನಮ್ಮ ಕಂಪೌಂಡರನ ಹಲ್ಲು ಮುರಿಯಿತು. ಮಾರನೆಯ ದಿನ ಮೇಲಿನ ಸಾಹೇಬರು ನನ್ನನ್ನು ಕರೆದರು.

"ಸಿಸ್ಟರ್, ನಾಳೆಯಿಂದ ಮುಂದಿನ ಸೀಟಲ್ಲಿ ನೀವು ಕೂತ್ಕೊಳ್ರಿ. ಬಸುರಿ ಕೂತಿರೋ ಜೀಪಿಗೆ ಯಾವನ್ರೀ ಕಲ್ಲು ಹೊಡೀತಾನೆ?"

"ಗುಂಡಿ ದಾರಿ ಸರ್. ನನಗೆ ದಿನ ತುಂಬಿದಾವೆ."

"ಡ್ರೈವರ್ ನಿಧಾನ ಹೋಗ್ತಾನೆ ಬಿಡ್ರಿ."

ಅವರ ಲೆಕ್ಕ ಸರಿಯಾಗಿತ್ತು. ಆ ಸೀಮೆಯಲ್ಲಿ ದಿನ ತುಂಬಿದ ಬಸುರಿ ಬಾಗಿಲಿಗೆ ಬಂದರೆ ಬರಿಗೈಲಿ ಕಳಿಸುವುದಿಲ್ಲ. ಹೋದ ಊರಲ್ಲೆಲ್ಲ ಹೆಂಗಸರು ಜೀಪನ್ನು ಸುತ್ತುವರಿದರು. ಕುಂಕುಮ ಹಚ್ಚಿದರು, ಶೇಂಗಾ ಹೋಳಿಗೆ ತಂದರು, "ಹೊಟ್ಟೆ ಕೆಳಗಿಳಿದೈತೆ, ಗಂಡೇ ಬಿಡು" ಎಂದು ನಕ್ಕರು. ಅವರು ನನ್ನ ಹತ್ತಿರ ನಿಂತಿರುವಾಗ ಹಿಂದಿನಿಂದ ಪೊಲೀಸ್ ಪೇದೆ ಮತ್ತು ಕಂಪೌಂಡರ್ ಇಳಿದು ಹಿತ್ತಲಿಗೆ ನುಗ್ಗುತ್ತಿದ್ದರು. ಒಬ್ಬ ಗಂಡಸನ್ನು ಬಣವೆಯಿಂದ ಕಾಲು ಹಿಡಿದು ಎಳೆದದ್ದನ್ನು ನೋಡಿದೆ. ಪೇದೆ ಅವನ ಮೊಣಕಾಲಿಗೆ ಲಾಠಿಯಲ್ಲಿ ಹೊಡೆದ. ಒಣಗಿದ ಕಟ್ಟಿಗೆ ಮುರಿದಂಥ ಸದ್ದು. ಒಳಗೆ ಕೂಸು ಒದೆಯಿತು.

ಒಂದು ಊರಲ್ಲಿ ಒಬ್ಬ ಮುದುಕಿ ನನಗೆ ಹಸಿರು ಬಳೆ ತೊಡಿಸುತ್ತಿದ್ದಳು. ಬಳೆಗಾರ ಬಂದ ದಿನವೇ ನಾನು ಬಂದದ್ದು ಒಳ್ಳೆಯ ಶಕುನ ಎಂದಳು. "ಕೈ ಮೆತ್ತಗೆ ಬಿಡು ತಾಯಿ. ತೌರುಮನಿ ಯಾವೂರು?"

"ಹೊನ್ನಾಳಿ ಕಣಜ್ಜಿ."

"ಹೊಳೆ ಸೀಮೆಯಾಕೆ! ನಮ್ಮ ಬಿಸ್ಲಿಗೆ ಹೆಂಗೆ ತಡ್ಕಂಡಿದೀಯೇ?"

ಅಷ್ಟರಲ್ಲಿ ಅವಳದೇ ಮನೆಯ ಹಿಂದಿನಿಂದ ಕೂಗು ಬಂತು. ಅವಳ ಮಗನನ್ನು ತಲೆಗೂದಲು ಹಿಡಿದು ಎಳೆದು ತಂದರು. ಬಾಯಿಯಿಂದ ರಕ್ತ ಸುರಿಯುತ್ತಿತ್ತು. ಅವನಿಗೆ ಇನ್ನೂ ಮಕ್ಕಳೇ ಇರಲಿಲ್ಲ ಎಂದು ಹೆಂಗಸರು ಕಿರುಚತೊಡಗಿದರು. ಮುದುಕಿ ಮಗನನ್ನು ನೋಡಿದಳು, ಆಮೇಲೆ ನನ್ನನ್ನು.

"ಹೊಟ್ಟೆ ತೋರ್ಸಿ ನಮ್ಮ ಮಕ್ಳನ್ನ ಹಿಡಿಯಾಕೆ ಬಂದೀಯೇನೇ?"

ನನ್ನ ಮುಂಗೈ ಇನ್ನೂ ಅವಳ ಹಿಡಿತದಲ್ಲೇ ಇತ್ತು. ಅದನ್ನು ಜೀಪಿನ ಬಾಗಿಲಿಗೆ ಅಪ್ಪಳಿಸಿದಳು. ಒಮ್ಮೆಯಲ್ಲ, ಬಳೆಯೆಲ್ಲ ಪುಡಿಯಾಗುವ ತನಕ. ಬಸುರಿಯ ಬಳೆ ಒಡೆಯುವುದೆಂದರೇನು ಎಂದು ಅಲ್ಲಿದ್ದವರಿಗೆಲ್ಲ ಗೊತ್ತು. ನನ್ನ ಬಿಳಿ ಸೀರೆಯ ಮೇಲೆ ರಕ್ತ ಹರಿಯಿತು. ಆಮೇಲೆ ಮೊದಲ ಕಲ್ಲು ಬಂತು.

ಎದುರಿನ ಗಾಜು ಒಡೆದು ನನ್ನ ಮಡಿಲಿಗೆ ಸುರಿಯಿತು. ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡೆ. ಆ ದಿನ ಜೊತೆಗೆ ಬಂದಿದ್ದ ಸಾಹೇಬರು ಹಿಂದಿನ ಸೀಟಿನಿಂದ ಕೂಗಿದರು, "ಏಳ್ಬೇಡ್ರೀ! ಕೂತಿರ್ರಿ! ನೀವು ಕಾಣ್ತಾ ಇರ್ಬೇಕು!"

ನಾನು ಬಾಗಿಲು ತೆಗೆದು ಇಳಿದುಬಿಟ್ಟೆ. ಜೀಪನ್ನು ಬಿಟ್ಟು ಮುಂದೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ನಿಂತೆ. ಸೀಟು ಖಾಲಿಯಾದದ್ದೇ ತಡ, ಕಲ್ಲು ಮಳೆಯಂತೆ ಬಿದ್ದವು. ಪೇದೆಯ ಕಿವಿ ಹರಿಯಿತು. ಅವನು ಹಿಡಿದಿದ್ದ ಮುದುಕಿಯ ಮಗನನ್ನು ಬಿಟ್ಟು ಜೀಪಿಗೆ ಜೋತುಬಿದ್ದ. ಡ್ರೈವರ್ ಹಿಂದೆ ಮುಂದೆ ನೋಡದೆ ಓಡಿಸಿದ. ನನ್ನನ್ನು ಬಿಟ್ಟು ಹೋದರು.

ಧೂಳು ಇಳಿದಾಗ ಒಬ್ಬಳು ಒನಕೆ ಎತ್ತಿ ನನ್ನ ಎದುರು ನಿಂತಿದ್ದಳು.

"ಹಾಕ್ಲೇನಜ್ಜಿ?"

ಮುದುಕಿ ಮಗನ ಬಾಯಿ ಒರೆಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು. "ಬ್ಯಾಡ. ಕೂಸೇನು ಮಾಡೈತೆ? ಹೋಗ್ಲಿ ಬಿಡು. ನೀರ್ ಮಾತ್ರ ಕೊಡಬ್ಯಾಡ್ರಿ."

ಯಾರೂ ಕೊಡಲಿಲ್ಲ. ಬಿಸಿಲಿನಲ್ಲಿ ಬಸ್ಸಿನ ರಸ್ತೆಯ ತನಕ ನಡೆದೆ. ದಾರಿಯಲ್ಲೇ ನೋವು ಶುರುವಾಯಿತು. ನೋವು ಬಂದಾಗ ನಿಂತು, ಹೋದಾಗ ನಡೆದೆ. ನಮ್ಮ ಕೇಂದ್ರದಲ್ಲೇ ಸಂಜೆಯ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು. ಬರುವಾಗ ನೀಲಿಗಟ್ಟಿತ್ತು, ಅಳಲಿಲ್ಲ. ಹೆರಿಗೆ ಮಾಡಿಸಿದ ಆಯಾ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ಹೊಡೆದಳು. ಇನ್ನೂ ಜೋರಾಗಿ ಹೊಡಿ ಎಂದು ನಾನು ಕೂಗಿದೆ. ಹೊಡೆದಳು. ಆಗ ಅತ್ತಿತು.

ಮೂರನೆಯ ದಿನ ಸಾಹೇಬರು ಹಣೆಗೆ ಪಟ್ಟಿ ಕಟ್ಟಿಕೊಂಡು ವಾರ್ಡಿಗೆ ಬಂದರು. ನನ್ನ ಮಂಚದ ಪಕ್ಕ ನಿಂತು ತೊಟ್ಟಿಲಿಗೆ ಬಗ್ಗಿ ನೋಡಿದರು.

"ಗಟ್ಟಿ ಐತಲ್ರೀ ಕೂಸು. ನಿಮ್ಮ ರಜೆ ಆಮೇಲೆ ಹೆಂಗಾದ್ರೂ ಸರಿ ಮಾಡಾಣ. ತಿಂಗಳು ತುಂಬ್ಲಿ, ತೊಡೆ ಮೇಲೆ ಹಾಕ್ಕೊಂಡು ಮುಂದೆ ಕೂತ್ಕೊಂಡ್ ಬಿಡ್ರಿ. ಬಾಣಂತಿ, ಹಸುಗೂಸು ಅಂದ್ರೆ ಯಾರೂ ಕೈ ಎತ್ತಲ್ಲ."

ಮಂಚದ ಪಕ್ಕ ಸಿರಿಂಜು ಕುದಿಸುವ ಸ್ಟೀಲಿನ ಡಬ್ಬಿಯಿತ್ತು, ಆಗಷ್ಟೇ ಒಲೆಯಿಂದ ಇಳಿಸಿದ್ದು. ಅದನ್ನು ಬಟ್ಟೆಯಲ್ಲಿ ಹಿಡಿದು, ನೀರು ಸಮೇತ ಅವರ ಮುಖಕ್ಕೆ ಎರಚಿದೆ. ಡಬ್ಬಿ ಕೈಬಿಟ್ಟು ಹೋಗಿ ಅವರ ಮೂಗಿಗೂ ಬಡಿಯಿತು. ಅವರು ಕುಸಿದು ಕೂತು ಅಮ್ಮಾ ಎಂದು ಚೀರಿದರು. ಆಯಾ ಓಡಿ ಬಂದು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ತೊಟ್ಟಿಲನ್ನು ಗೋಡೆಯ ಕಡೆಗೆ ಎಳೆದುಕೊಂಡೆ.

ಬಸುರಿಯನ್ನು ಊರಲ್ಲಿ ಬಿಟ್ಟು ಓಡಿದ್ದು ಹೊರಬೀಳುತ್ತದೆಂದು ಸಾಹೇಬರು ಪೊಲೀಸರಿಗೆ ದೂರು ಕೊಡಲಿಲ್ಲ. ಶಿಕ್ಷೆಯೆಂದು ನನ್ನನ್ನು ನ್ಯಾಮತಿಗೆ ಎತ್ತಂಗಡಿ ಮಾಡಿದರು. ರಜೆ ಮುಗಿದ ಮೇಲೆ ಕೂಸನ್ನು ಎತ್ತಿಕೊಂಡು ಬಸ್ಸಿನಲ್ಲೇ ಹೋದೆ. ಡ್ರೈವರ್ ಪಕ್ಕದ ಸೀಟು ಖಾಲಿಯಿದ್ದರೂ ಹಿಂದೆ ಹೋಗಿ ಕೂತೆ.