ಪಕ್ಕದ ಸೀಟಿನ ಚೊಂಬು

ನಂಜೇಗೌಡರ ಕಾರಿನಲ್ಲಿ ಇದ್ದದ್ದು ಎರಡೇ ಸೀಟು. ಒಂದರಲ್ಲಿ ಬಿಳಿ ಪಂಚೆ, ಅರ್ಧ ತೋಳಿನ ಅಂಗಿ ತೊಟ್ಟ ಗೌಡರು. ಇನ್ನೊಂದರಲ್ಲಿ ಬಟ್ಟೆಯ ಸಿಂಬಿಯ ಮೇಲೆ ಕೂತ ಸ್ಟೀಲ್ ಚೊಂಬು, ಅದರ ತುಂಬ ಮಜ್ಜಿಗೆ. ಉರುಳದಿರಲೆಂದು ಚೊಂಬಿನ ಕುತ್ತಿಗೆಗೆ ಸೀಟ್ ಬೆಲ್ಟು ಬೇರೆ. ಕಾರೋ, ಮೇಲೆ ಚಾವಣಿಯೇ ಇಲ್ಲದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ಓಡುವ ಕೆಂಪು ಸ್ಪೋರ್ಟ್ಸ್ ಕಾರು. ಈ ಮೆರವಣಿಗೆ ಬೆಳಗಿನ ಹೊತ್ತು ಮಾರೇನಹಳ್ಳಿಯಿಂದ ಹೊರಟು ಮಲ್ಲತ್ತಹಳ್ಳಿ ಕೆರೆಯ ತನಕ ಹೋಗಿ ಬರುತ್ತಿತ್ತು. ಬಸ್ ಸ್ಟಾಪಿನ ಕಾಲೇಜು ಹುಡುಗರು, "ಮಗಾ, ಚೊಂಬು ಬಂತು ನೋಡೋ!" ಎಂದು ಕೂಗುತ್ತಿದ್ದರು. ಗೌಡರು ಅವರಿಗೂ ಕೈ ಬೀಸಿ ಹೋಗುತ್ತಿದ್ದರು.

ನಾನು ಆಗ ಅವರ ಮಹಡಿಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದೆ. ಊರು ಗದಗ, ಕೆಲಸ ರಾಜಾಜಿನಗರದ ಒಂದು ಕೊರಿಯರ್ ಆಫೀಸಿನಲ್ಲಿ. ಬಾಡಿಗೆದಾರರನ್ನು ಹೆಸರು ಹಿಡಿದು ಕರೆಯುವ ಪದ್ಧತಿ ಗೌಡರಲ್ಲಿರಲಿಲ್ಲ. ನಾನು ಅವರಿಗೆ ಬರೀ 'ಗದಗ'. ಅವರ ಅಪ್ಪ ರಾಗಿ ಬೆಳೆದ ಹೊಲದಲ್ಲಿ ಈಗ ಸಾಲಾಗಿ ಅಂಗಡಿಗಳಿದ್ದವು, ನಾಲ್ಕಾರು ಅವರವೇ. ಆದರೂ ಮನೆಯ ಫ್ಯಾನು, ಮಿಕ್ಸಿ, ಮಂಚ ಎಲ್ಲವೂ ಸೆಕೆಂಡ್ ಹ್ಯಾಂಡ್. "ಹೊಸದಕ್ಕೆ ಬುದ್ಧಿ ಇರಾಕಿಲ್ಲ ಕಣಪ್ಪ. ಹಳೇದು ಆಗ್ಲೇ ನಾಕು ಒದೆ ತಿಂದಿರ್ತದೆ" ಎನ್ನುವುದು ಅವರ ವಾದ. ಆ ಫ್ಯಾನಿನ ಕೆಳಗೆ ಮಲಗಿದವರಿಗೆ ಮಾತ್ರ ಅದು ಎಷ್ಟು ಒದೆ ತಿಂದಿದೆ ಎಂದು ಗೊತ್ತಾಗುತ್ತಿತ್ತು.

ಕಾರೂ ಹಾಗೆಯೇ ಬಂತು. ಒಳಗೆ ಸಾಧಾರಣ ಇಂಜಿನ್, ಹೊರಗೆ ಫೈಬರ್ ಮೈ, ಬಣ್ಣ ಅಲ್ಲಲ್ಲಿ ಕಿತ್ತಿತ್ತು. ಮಗ ಸಿಡಿಮಿಡಿಗೊಂಡ. "ಮನೇಲಿ ಆರು ಜನ ಅವ್ರೆ, ಎರಡು ಸೀಟಿಂದು ತಂದಿದೀಯಲ್ಲಪ್ಪ!" ಬೀದಿಯವರು, ಯಾರೋ ಗೌಡರಿಗೆ ಸರಿಯಾಗಿ ಚೊಂಬು ಕೊಟ್ಟಿದ್ದಾರೆ, ಅಂದರೆ ಮೋಸ ಮಾಡಿ ಬರಿಗೈ ಮಾಡಿದ್ದಾರೆ, ಎಂದು ನಕ್ಕರು. ಗೌಡರಿಗೆ ಒಂದಿಷ್ಟೂ ಬೇಸರವಿಲ್ಲ. "ಹೂಂ ಕಣ್ರಪ್ಪ, ಚೊಂಬು ಅವ್ರು ಕೊಟ್ರು. ಮಜ್ಜಿಗೆ ನಾನೇ ಹಾಕ್ಕಂಡೆ!"

ನನಗೆ ಕಾರಿನ ಹುಚ್ಚು. ಪುಸ್ತಕದಂಗಡಿಯಲ್ಲಿ ನಿಂತೇ ಕಾರಿನ ಮ್ಯಾಗಜೀನುಗಳನ್ನು ಓದಿ ಮುಗಿಸಿ, ಕೊಳ್ಳದೆ ಬರುವ ಜಾತಿಯವನು ನಾನು. ಗೌಡರ ಕಾರು ನನ್ನದೇ ಎಂಬಂತೆ ಯೋಜನೆ ಹಾಕಿಕೊಟ್ಟೆ: ಅಗಲ ಟಯರು, ಬಿಗಿ ಸ್ಪ್ರಿಂಗು, ಗುಡುಗುವ ಸೈಲೆನ್ಸರು. ಗೌಡರು ಎಲ್ಲಕ್ಕೂ "ಚೆಂದಾಗದೆ, ಚೆಂದಾಗದೆ" ಎಂದು ತಲೆದೂಗಿದರು. ಆಮೇಲೆ ನನ್ನನ್ನೂ ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು, ಬಿನ್ನಿಪೇಟೆಯಲ್ಲಿ ಗ್ಯಾರೇಜು ಇಟ್ಟಿದ್ದ ಸಲೀಂ ಹತ್ತಿರ ಹೋದರು. ಸಲೀಮನೂ ನನ್ನ ಕಡೆಯವನೇ.

"ಗೌಡ್ರೇ, ಮೊದ್ಲು ಪಿಕಪ್ ಮಾಡಿಸ್ಕೊಳ್ಳಿ. ಕಾಲಿಟ್ರೆ ಗಾಡಿ ಹಾರ್ಬೇಕು!"

"ಪಿಕಪ್ ಬ್ಯಾಡ ಕಣೋ ಸಲೀಂ. ಮೊದ್ಲು ನಿಲ್ಲೋದು ಸರಿ ಮಾಡು. ಆಮೇಲೆ ಕೂರೋದು. ಓಡೋದು ಕೊನೇಗೆ ನೋಡವ."

ಗೌಡರ ಪದ್ಧತಿಯೆಂದರೆ ತಿಂಗಳಿಗೆ ಒಂದೇ ಕೆಲಸ, ಅದೂ ಮೂಲೆ ಅಂಗಡಿಯ ಬಾಡಿಗೆಯಲ್ಲಿ ಮುಗಿಯಬೇಕು. ಮೊದಲು ಬ್ರೇಕು. ಆಮೇಲೆ ಮಾಮೂಲಿ ಟಯರು. ಇದ್ದ ಸ್ಪ್ರಿಂಗು ತೆಗೆಸಿ, ಗುಜರಿಯಲ್ಲಿ ಹುಡುಕಿ ಮೆತ್ತನೆಯದು ಹಾಕಿಸಿದರು. ಸೈಲೆನ್ಸರಿನ ದನಿ ಅಡಗಿಸಿದರು. ಎಡಗಡೆ ಸೀಟನ್ನಂತೂ ದಪ್ಪ ಫೋಮ್ ಇಡಿಸಿ ಕುರ್ಚಿಯಷ್ಟು ಎತ್ತರಕ್ಕೆ ಏರಿಸಿಬಿಟ್ಟರು. ಒಂದೊಂದು ಕೆಲಸ ಆದ ಮೇಲೂ ಚೊಂಬಿನ ಪರೀಕ್ಷೆ. ಕೆರೆಯ ಹತ್ತಿರ ಕಾರು ನಿಲ್ಲಿಸಿ, ಚೆಲ್ಲದೆ ಉಳಿದ ಮಜ್ಜಿಗೆಯನ್ನು ಕುಡಿದು ಬರುತ್ತಿದ್ದರು. ಗೇಟಿನಲ್ಲಿ ನನ್ನನ್ನು ಕಂಡರೆ, "ಇವತ್ತು ಅರ್ಧ ಕುಡ್ದೆ ಕಣೋ ಗದಗ" ಎಂದು ವರದಿ. ನನಗೆ ಹೊಟ್ಟೆ ಉರಿಯುತ್ತಿತ್ತು.

"ಗೌಡ್ರ, ಇದು ಸ್ಪೋರ್ಟ್ಸ್ ಕಾರ್ ಐತ್ರಿ! ನೀವು ಇದನ್ನ ಎಮ್ಮಿ ಮಾಡಾಕತ್ತೀರಿ."

"ಎಮ್ಮೆ ಮ್ಯಾಲೆ ಕೂತೋರು ಯಾರಾದ್ರೂ ವಾಂತಿ ಮಾಡಿದ್ದು ನೋಡಿದೀಯಾ?" ಎಂದರು ಗೌಡರು.

ಆ ಮಾತಿನ ಅರ್ಥ ಹೇಳಿದ್ದು ಅವರ ಹೆಂಡತಿ ಜಯಮ್ಮ. ಅವರಿಗೆ ಮುಚ್ಚಿದ ಗಾಡಿ ಆಗದು. ಬಸ್ಸಾಗಲಿ ಕಾರಾಗಲಿ, ಬಾಗಿಲು ಹಾಕಿದರೆ ಸಾಕು, ಟೋಲ್‌ಗೇಟ್ ದಾಟುವುದರೊಳಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಗೌಡರ ಸ್ಕೂಟರಿನಲ್ಲಿ ಗಾಳಿಗೆ ಮುಖ ಕೊಟ್ಟು ಕೂತು ಎಲ್ಲ ಕಡೆ ಹೋಗುತ್ತಿದ್ದರಂತೆ. ಮಂಡಿ ಕೈಕೊಟ್ಟ ಮೇಲೆ ಸ್ಕೂಟರ್ ಹತ್ತಲಾಗದೆ ಮನೆಯಲ್ಲೇ ಉಳಿದರು. ಕೆಂಗೇರಿ ದಾಟಿದರೆ ಸಿಗುವ ತವರೂರನ್ನು ನೋಡಿ ವರ್ಷಗಳೇ ಆಗಿದ್ದವು. ಗೌರಿ ಹಬ್ಬಕ್ಕೆ ಅವರ ಅಣ್ಣನೇ ಬಾಗಿನ ಹೊತ್ತು ತರುತ್ತಿದ್ದರು. ಅಣ್ಣ ತಂಗಿ ಮುಖ ನೋಡುತ್ತಿದ್ದದ್ದು ಆ ಒಂದು ದಿನ.

"ನನ್ನ ಕೂರಿಸ್ಕಂಡು ಹೋಗಾಕೆ ಇಷ್ಟೆಲ್ಲ. ಅಲ್ಲೀತನಕ ಆ ಚೊಂಬೇ ಇವರ ಹೆಂಡ್ತಿ" ಎಂದು ಜಯಮ್ಮ ನಕ್ಕರು. ಗೌಡರು ಕೇಳಿಸಿಕೊಂಡರೂ ಕೇಳಿಸದವರಂತೆ ಕಾರು ಒರೆಸುತ್ತಿದ್ದರು. ಅವತ್ತಿನಿಂದ ನಾನು ಸೈಲೆನ್ಸರಿನ ಮಾತೆತ್ತಲಿಲ್ಲ.

ಆ ವರ್ಷ ಹಬ್ಬಕ್ಕೆ ಮುಂಚೆ ಸುದ್ದಿ ಬಂತು: ಅಣ್ಣ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ಇನ್ನು ಏಳುವುದು ಕಷ್ಟ, ಬಾಗಿನವನ್ನು ಯಾರ ಕೈಲಾದರೂ ಕಳಿಸುತ್ತಾರೆ. "ಯಾರ ಕೈಲೋ ಬರೋದಾದ್ರೆ ಗದಗನ ಕೊರಿಯರ್‌ನಲ್ಲೇ ಬರ್ಲಿ ಬಿಡಿ" ಎಂದ ಜಯಮ್ಮ ಒಳಗೆ ಹೋಗಿ ಅತ್ತರು. ಗೌಡರು ಸಲೀಮನ ಬೆನ್ನು ಹತ್ತಿದರು. ಎತ್ತರದ ಸೀಟಿಗೆ ಹೊಸ ರೆಕ್ಸಿನ್ ಬಂತು, ಹಿಡಿದುಕೊಳ್ಳಲು ಹಿಡಿ ಬಂತು, ಘಮಘಮಿಸುವ ಪರ್ಫ್ಯೂಮ್ ಡಬ್ಬಿಯೂ ಬಂತು. ಕಡೆಯ ಪರೀಕ್ಷೆ ಮುಗಿಸಿ ಬಂದವರ ಮೀಸೆ ಬೆಳ್ಳಗಾಗಿತ್ತು. "ಪೂರ್ತಿ ಕುಡ್ದೆ ಕಣೋ! ಒಂದು ತೊಟ್ಟೂ ಚೆಲ್ಲಿಲ್ಲ."

ಮರುದಿನ ಜಯಮ್ಮನವರನ್ನು ಕೂರಿಸಿಕೊಂಡು, ಮಗುವನ್ನು ತೊಟ್ಟಿಲಲ್ಲಿ ಇಟ್ಟು ಒಯ್ಯುವವರಂತೆ ತವರಿನ ಕಡೆಗೆ ಹೊರಟರು. ಅರ್ಧ ದಾರಿಯಿಂದಲೇ ವಾಪಸ್ಸು. ಜಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಇಳಿದರು. ಗೌಡರು ಸ್ಟೀರಿಂಗ್ ಬಿಡದೆ ಕೂತಿದ್ದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು.

"ಚೊಂಬಲ್ಲಿ ಒಂದು ತೊಟ್ಟೂ ಚೆಲ್ಲಿರ್ಲಿಲ್ವಲ್ಲೇ" ಎಂದರು.

"ಚೊಂಬಿಗೆ ಮೂಗೈತೇನ್ರೀ?" ಜಯಮ್ಮ ಸುಧಾರಿಸಿಕೊಂಡು ಹೇಳಿದರು. "ಆ ರೆಕ್ಸಿನ್ ವಾಸ್ನೆ, ಗಮ್ಮಿನ ವಾಸ್ನೆ, ಸಾಲದ್ದಕ್ಕೆ ಸೆಂಟು! ಅದೂ ಸಾಯ್ಲಿ ಅಂದ್ರೆ, ಲಾರಿ ಹಿಂದೆ ಹೊಗೆ ಕುಡ್ಕಂಡು ಬಸವನಹುಳದಂಗೆ ಹೋಗ್ತೀರಿ. ಮುಖಕ್ಕೆ ಗಾಳಿ ಬ್ಯಾಡ್ವಾ? ಪಿಕಪ್ಪೇ ಇಲ್ವಾ ಇದಕ್ಕೆ?"

ಗೌಡರು ನನ್ನ ಮುಖ ನೋಡಿದರು. ನಾನು ನಗು ತಡೆಯಲು ಹೋಗಿ ಸೋತೆ. ಆಮೇಲೆ ಅವರೂ ನಕ್ಕರು, ಎಲ್ಲರಿಗಿಂತ ಹೆಚ್ಚಾಗಿ. ಇಷ್ಟು ತಿಂಗಳು ಅವರು ಚೊಂಬಿಗೆ ಹೊಂದುವ ಕಾರು ಕಟ್ಟಿದ್ದರು.

ಪರ್ಫ್ಯೂಮ್ ಡಬ್ಬಿ ಮೋರಿ ಸೇರಿತು. ರೆಕ್ಸಿನ್ ಕಿತ್ತು ಫೋಮನ್ನು ಬಿಸಿಲಿಗೆ ಹಾಕಿದರು. ಮೇಲೆ ಏನು ಹಾಸುವುದೆಂದು ಯೋಚಿಸುತ್ತಿದ್ದಾಗ ನಾನು ರೂಮಿಗೆ ಹೋಗಿ, ಅವ್ವ ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದುಕೊಟ್ಟಿದ್ದ ಕೌದಿ ತಂದೆ. ಜಯಮ್ಮ ಅದನ್ನು ಮೂಸಿ ನೋಡಿ, "ಬಟ್ಟೆ ವಾಸ್ನೆ ಬಿಟ್ರೆ ಏನೂ ಇಲ್ಲ" ಎಂದು ಪಾಸು ಮಾಡಿದರು. ಆ ಕಾರಿಗೆ ಆದ ಸುಧಾರಣೆಗಳಲ್ಲೆಲ್ಲ ಅಗ್ಗದ್ದು ಅದೇ, ಮತ್ತು ಅದು ನನ್ನದು ಎಂದು ಇವತ್ತಿಗೂ ಜಂಬ ಪಡುತ್ತೇನೆ. ಸಲೀಂ ಇಂಜಿನ್ ಬಿಚ್ಚಿ ಕಾರ್ಬುರೇಟರ್ ತೊಳೆದು, "ಈಗ ಬಂತು ನೋಡಿ ಪಿಕಪ್ಪು" ಎಂದು ಕೊಟ್ಟ.

ಗೌರಿ ಹಬ್ಬದ ಬೆಳಿಗ್ಗೆ ಹೊರಟರು. ಕಾರಿನಲ್ಲಿ ಮೂರನೆಯವರಿಗೆ ಜಾಗವಿಲ್ಲ. ನಾನು ಗೌಡರ ಸ್ಕೂಟರ್ ಹತ್ತಿ ಕಾರಿನ ಹಿಂದೆ. ಕೆಂಗೇರಿ ದಾಟಿ ರಸ್ತೆ ಬಿಡುವಾದದ್ದೇ ಕಾರು ನನ್ನ ಕಣ್ಣಿಂದ ಮರೆಯಾಯಿತು. ನಾನು ಊರು ಮುಟ್ಟುವಷ್ಟರಲ್ಲಿ ಜಯಮ್ಮ ಅಣ್ಣನ ಮಂಚದ ಪಕ್ಕ ಕೂತಿದ್ದರು, ತಲೆಗೂದಲೆಲ್ಲ ಕೆದರಿತ್ತು. ಅಣ್ಣ ಮಲಗಿದಲ್ಲಿಂದಲೇ ಮೊರದ ಬಾಗಿನ ಮುಟ್ಟಿ ಕೊಟ್ಟರು. ಗೌಡರು ಒಳಗೆ ಬರಲೇ ಇಲ್ಲ. ಹೊರಗೆ ಕಾರಿಗೆ ಒರಗಿ, ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಂಡು, "ಧೂಳು ಕಣೋ, ಜೋರಾಗಿ ಬಂದ್ನಲ್ಲ" ಎಂದರು. ಮುಂದಿನ ಹಬ್ಬಕ್ಕೆ ಆ ಅಣ್ಣ ಇರಲಿಲ್ಲ.

ಅಂದಿನಿಂದ ಬೆಳಗಿನ ಮೆರವಣಿಗೆಯಲ್ಲಿ ಜಯಮ್ಮ ಕೌದಿಯ ಮೇಲೆ, ಚೊಂಬು ಜಯಮ್ಮನ ಮಡಿಲಲ್ಲಿ. ಕೆರೆ ಬಂದೊಡನೆ ಅವರು ಚೊಂಬಿನೊಳಗೆ ಬಗ್ಗಿ ನೋಡಿ ಎಷ್ಟು ಉಳಿಯಿತೆಂದು ಹೇಳಬೇಕು, ಉಳಿದದ್ದನ್ನು ಗೌಡರು ಕುಡಿಯಬೇಕು.

ಮದುವೆಯಾದ ಮೇಲೆ ನಾನು ಕೆಂಗೇರಿಗೆ ಮನೆ ಬದಲಿಸಿದೆ. ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲದಲ್ಲಿ ಗೌಡರು ಮಲಗಿದಲ್ಲೇ ಹೋದರೆಂದು ಸಲೀಂ ಫೋನ್ ಮಾಡಿದ. ತಿಥಿಯೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಜಯಮ್ಮನವರನ್ನು ಮಾತನಾಡಿಸಲು ಹೋದೆ. ಮನೆ ತುಂಬ ಮೊಮ್ಮಕ್ಕಳ ಗಲಾಟೆ. ಮಗ, ಬಿಡಿಭಾಗ ಸಿಗುವುದಿಲ್ಲ, ಓಡಿಸುವವರೂ ಇಲ್ಲ ಎಂದು ಕಾರನ್ನು ಯಾರಿಗೋ ಮಾರಲು ಮಾತನಾಡಿದ್ದ. ಜಯಮ್ಮ ಕೀಲಿ ತಂದು ನನ್ನ ಕೈಗಿಟ್ಟರು.

"ಭಾನುವಾರ ತಗಂಡೋಗ್ತಾರಂತೆ. ಅದಕ್ಕೆ ಮುಂಚೆ ಒಂದು ರೌಂಡು ಹಾಕ್ಸಪ್ಪ."

ಅವರ ಕೈಯಲ್ಲಿ ತುಂಬಿದ ಚೊಂಬಿತ್ತು. ನಾನು ಎಚ್ಚರದಿಂದ ಓಡಿಸಿದೆ.

"ಯಾಕಪ್ಪ ಇಷ್ಟು ನಿಧಾನ?"

"ಚೆಲ್ಲತೈತ್ರಿ ಅಮ್ಮಾರ."

"ಚೆಲ್ಲಿದ್ರೆ ಚೆಲ್ಲಲಿ. ಗಾಳಿ ಬರ್ಲಿ."

ಕಾಲು ಒತ್ತಿದೆ. ಸಲೀಂ ಕೊಟ್ಟ ಪಿಕಪ್ ಇನ್ನೂ ಹಾಗೇ ಇತ್ತು. ಮಜ್ಜಿಗೆ ಅವರ ಸೀರೆಗೂ ಅವ್ವನ ಕೌದಿಗೂ ಚೆಲ್ಲಿತು. ನನಗೆ ಅಳು ಬಂತು, ಅತ್ತೆ. ಗಾಳಿಯಿದ್ದರಿಂದ ಅವರಿಗೆ ಕಾಣಿಸಲಿಲ್ಲವೆಂದುಕೊಂಡಿದ್ದೇನೆ. ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಇಂಜಿನ್ ಆಫ್ ಮಾಡಿದೆ. ಜಯಮ್ಮ ಚೊಂಬಿನೊಳಗೆ ಬಗ್ಗಿ ನೋಡಿದರು. ಆಮೇಲೆ ಅದನ್ನು ಬಲಕ್ಕೆ ಚಾಚಿ, ತಲೆ ಎತ್ತದೆಯೇ, "ರೀ, ಅರ್ಧ ಉಳ್ದೈತೆ" ಎಂದರು.

ಅಲ್ಲಿ ಕೂತಿದ್ದವನು ನಾನು. ಚೊಂಬು ತೆಗೆದುಕೊಂಡು ಕುಡಿದೆ.