ನಾನು ಬಾಯಿಪಾಠ ಮಾಡಿಸಿದ ಅಪಾಯಿಂಟ್‌ಮೆಂಟ್

ಸ್ಟೀಲ್ ಲೋಟಕ್ಕೆ ಉಗುರು ತಾಗುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಒಂದು ಸಲ ಟಿಕ್ ಎಂದರೆ ಹೌದು, ಎರಡು ಸಲ ಎಂದರೆ ಬೇಡ. ಮನೆಗೆ ಬಂದವರು "ಬಿಸ್ಕೆಟ್ ಬೇಕಾ ಮಗಾ?" ಎಂದು ಕೇಳಿದರೆ ನನ್ನ ಮೊಮ್ಮಗಳ ಉತ್ತರ ಅದು. ಏಳು ವರ್ಷ. ನಾನೂ ಅವಳ ತಾಯಿಯೂ ಮಾತ್ರ ಇದ್ದಾಗ ತಲೆ ತಿನ್ನುವಷ್ಟು ಮಾತು. ಹೊರಗಿನವರ ಮುಂದೆ ಬಾಯಿಗೆ ಬೀಗ. ಸವಣೂರಿನ ಶಾಲೆ ಬಿಡಿಸಿ ಪುತ್ತೂರಿನ ಶಾಲೆಗೆ ಹಾಕಿ ಒಂದು ವರ್ಷವಾದರೂ ಕ್ಲಾಸಿನಲ್ಲಿ ಒಂದು ಶಬ್ದ ಆಡಿರಲಿಲ್ಲ. ಹೀಗೇ ಆದರೆ ಬೇರೆ ಶಾಲೆ ನೋಡಿ ಎಂದು ಟೀಚರ್ ಹೇಳಿ ಕಳಿಸಿದ ಮೇಲೆ, ನನ್ನ ಮಗಳು ಬೆಂಗಳೂರಿನ ಒಬ್ಬ ಮಕ್ಕಳ ಮನಸ್ಸಿನ ಡಾಕ್ಟರ ಹತ್ತಿರ ಆನ್‌ಲೈನ್ ಥೆರಪಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು.

"ಅಮ್ಮ, ನೀವು ಅವಳಿಗೆ ಇಷ್ಟೇ ಹೇಳಿ ಇಡಿ," ಎಂದಳು. "ಫೋನಲ್ಲಿ ಒಬ್ರು ಆಂಟಿ ಬರ್ತಾರೆ, ಆಟ ಆಡ್ತಾರೆ, ಮಾತಾಡ್ಲೇಬೇಕು ಅಂತ ಇಲ್ಲ. ಮತ್ತೆಂತ ಮಾಡುದು ಬೇಡ."

ಮತ್ತೆಂತ ಬೇಡವಂತೆ! ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು ನಾನು. ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಸಿಸ್ಟರ್ ವಾರವಿಡೀ ನಮ್ಮನ್ನು ಸಾಲಾಗಿ ನಿಲ್ಲಿಸಿ ಉತ್ತರ ಉರು ಹೊಡೆಸುತ್ತಿದ್ದರು. ಪ್ರಿಪರೇಶನ್ ಎಂದರೆ ನನಗೆ ಗೊತ್ತಿದ್ದದ್ದು ಅದೊಂದೇ. ಮಗಳು ಆಫೀಸಿಗೆ ಹೋದದ್ದೇ ತಡ, ಕನ್ನಡಿಯ ಮುಂದೆ ಪಾಠ ಶುರು. 'ಗುಡ್ ಆಫ್ಟರ್‌ನೂನ್, ಡಾಕ್ಟರ್. ಐ ಆ್ಯಮ್ ಫೈನ್. ಐ ಲೈಕ್ ಮೈ ಸ್ಕೂಲ್ ವೆರಿ ಮಚ್.' ನಾಲ್ಕು ದಿನ. ಉಗುರು ಲೋಟದ ಕಡೆ ಹೋದರೆ "ನೋ ಟ್ಯಾಪಿಂಗ್, ಬ್ಯಾಡ್ ಮ್ಯಾನರ್ಸ್!" ಎಂದು ಕೈ ಹಿಡಿಯುತ್ತಿದ್ದೆ.

ಆ ದಿನ ಒಂದೂ ನೆಟ್ಟಗಾಗಲಿಲ್ಲ. ಶಾಂತವಾದ ಕೋಣೆ ಬೇಕೆಂದು ಮೆಸೇಜ್ ಬಂದಿತ್ತು. ಶಾಂತ ಇದ್ದ ಕೋಣೆಯಲ್ಲಿ ರೇಂಜ್ ಇಲ್ಲ. ರೇಂಜ್ ಇದ್ದ ಚಾವಡಿಗೆ ಪಕ್ಕದ ಹಿತ್ತಲಿನ ಹುಲ್ಲು ಕಟ್ಟರ್‌ನ ಕರ್ಕಶ ಸದ್ದು. ಗಂಡ ಗಲ್ಫಿನಲ್ಲಿರುವ ಪಕ್ಕದ ಮನೆಯ ಬ್ಯಾರಿ ಹೆಂಗಸು ಫೋನ್ ನಿಲ್ಲಿಸುವ ಸ್ಟ್ಯಾಂಡ್ ತಂದವಳು, ಮಗುವಿನ ಎರಡು ಜಡೆ, ಲೇಸಿನ ಫ್ರಾಕು ಕಂಡು, "ಎಂತ ಅಮ್ಮ, ಹೆಣ್ಣು ನೋಡ್ಲಿಕ್ಕೆ ಬರ್ತಾರಾ?" ಎಂದಳು.

"ನೀನೊಬ್ಬಳು ಬಾಕಿ ಇದ್ದೆ ಮಾರಾಯ್ತಿ! ಆ ಕಟ್ಟರ್ ನಿಲ್ಲಿಸ್ಲಿಕ್ಕೆ ಹೇಳು, ಹೋಗು."

ಮಗಳು ಅರ್ಧ ದಿನ ರಜೆ ಹಾಕಿ, ಏದುಸಿರು ಬಿಡುತ್ತ ಹೊತ್ತಿಗೆ ಸರಿಯಾಗಿ ಬಂದಳು. ಪರದೆಯಲ್ಲಿ ಬಂದದ್ದು ಕೂದಲು ಹಾರಾಡುವ ಒಬ್ಬ ಚಿಕ್ಕ ಹುಡುಗಿ. ಇವಳೇ ಡಾಕ್ಟರಾ ಎಂದುಕೊಂಡೆ. ಆಕೆ ಬಾಯಿ ತೆರೆಯುವ ಮೊದಲೇ ನಮ್ಮ ಮಗು ಎದ್ದು ನಿಂತು ಮೂರೂ ವಾಕ್ಯಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿತು. ನನಗೆ ಹೆಮ್ಮೆಯಾಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ.

ಡಾಕ್ಟರ್ ಒಂದು ಬಟ್ಟೆಯ ಆನೆ ಎತ್ತಿ ಹಿಡಿದು, "ಇದಕ್ಕೆ ಹಸಿವಾಗಿದೆಯಾ?" ಎಂದಳು. ಮಗುವಿನ ಬೆರಳು ಮೇಜಿನ ಕಡೆ ಹೋಯಿತು. ಅಲ್ಲೇ ನಿಂತಿತು. ಮಗು ನನ್ನ ಮುಖ ನೋಡಿತು. ನಾನು ಅಭ್ಯಾಸಬಲದಿಂದ ಬೇಡವೆಂದು ತಲೆಯಾಡಿಸಿದೆ. ಬೆರಳು ಮುಷ್ಟಿಯೊಳಗೆ ಸೇರಿತು. ಮತ್ತೆ ಎಷ್ಟು ಕರೆದರೂ ಮಗು ತಲೆ ಎತ್ತಲಿಲ್ಲ.

"ಅಜ್ಜಿ, ಬೆರಳಲ್ಲಿ ಹೇಳಿದ್ರೂ ನಂಗೆ ಸಾಕಿತ್ತು," ಎಂದಳು ಡಾಕ್ಟರ್. ಗದರಿದ್ದರೆ ಚೆನ್ನಾಗಿತ್ತು. "ಮುಂದಿನ ಸಲ ನೀವು ಹೊರಗಡೆ ಇರ್ತೀರಾ?"

ಅಡುಗೆಮನೆಯಲ್ಲಿ ಮಗಳು ಸಿಡಿದಳು. "ಎರಡು ತಿಂಗಳು ಕಾದು ಸಿಕ್ಕಿದ್ದು! ಸ್ಕೂಲ್ ಡೇ ಮಾಡಿಸಿದ್ರಾ ನೀವು?"

"ನನಗೆಂತ ಗೊತ್ತುಂಟು ನಿಮ್ಮ ಥೆರಪಿ?" ಎಂದು ನಾನೂ ಕೂಗಿದೆ. ಗೊತ್ತಿರಲಿಲ್ಲ ನಿಜ, ಕೇಳಲೂ ಇಲ್ಲ.

ಈಗ ಪ್ರತಿ ಬುಧವಾರ ನಾಲ್ಕು ಗಂಟೆಗೆ ಚಾವಡಿಯ ಬಾಗಿಲು ಮುಚ್ಚುತ್ತದೆ. ಶಾಲೆಯಲ್ಲಿ ಮಗು ಇನ್ನೂ ಮಾತಾಡಿಲ್ಲ. ಒಳಗೆ ಏನು ನಡೆಯುತ್ತದೆಂದು ನಾನು ಕೇಳುವ ಹಾಗಿಲ್ಲ. ಆ ಡಾಕ್ಟರನ್ನು ನಾನು ನೋಡಿದ್ದು ಅವತ್ತೇ ಕೊನೆ: ನೆಟ್‌ವರ್ಕ್ ಸಿಕ್ಕಿಹಾಕಿಕೊಂಡು ಮುಖ ಪರದೆಯ ಮೇಲೆ ನಿಂತುಹೋಗಿತ್ತು, ಬಾಯಿ ಅರ್ಧ ತೆರೆದಿತ್ತು, ನೋಡುತ್ತಿದ್ದದ್ದು ನನ್ನನ್ನಲ್ಲ, ತಗ್ಗಿದ ಆ ಎರಡು ಜಡೆಯ ತಲೆಯನ್ನು.